ಕಿತ್ತಳೆ ವೆಸ್ಟ್ ನನ್ನ ಮೈಮೇಲಿರಲಿಲ್ಲ

ವಲೇರಿಯನ್ ಅಂಕಲ್, ಆ ಬೆಳಿಗ್ಗೆ ನೀವು ಗುಂಡು ಹಾರಿಸಿದಾಗ ಕಿತ್ತಳೆ ಬಣ್ಣದ ವೆಸ್ಟ್ ನನ್ನ ಮೈಮೇಲಿರಲಿಲ್ಲ. ನಾನೇ ಅದನ್ನು ಬಿಚ್ಚಿ ಬ್ಯಾಗಿನೊಳಗೆ ತುರುಕಿದ್ದೆ. ಗುಂಡು ತಪ್ಪಿದ ಮೇಲೆ, ನೀವು ಓಡೋಡಿ ನನ್ನ ಹತ್ತಿರ ಬರುವಷ್ಟರಲ್ಲಿ, ಮತ್ತೆ ಹಾಕಿಕೊಂಡೆ. ಆಮೇಲೆ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಬರೆಯಲು ಮೂರು ವರ್ಷ ಬೇಕಾಯಿತು. ಸಿಡ್ನಿಯ ಬ್ಲ್ಯಾಕ್‌ಟೌನಿನ ಈ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದೇನೆ. ಭಾನುವಾರದ ಮಧ್ಯಾಹ್ನ. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿದ್ದಾರೆ. ಯಂತ್ರಕ್ಕೆ ಕಲ್ಲು ತಾಗಿ ಟಪ್ಪೆಂದರೆ ನನ್ನ ಪೆನ್ನು ನಿಲ್ಲುತ್ತದೆ. ಮೊದಲು ಅಂಥ ಸದ್ದಿಗೆ ಹೆದರುತ್ತಿದ್ದೆ. ಈಗ ಹೆದರಿಕೆ ನಿಮ್ಮದೇ — ಇದನ್ನೆಲ್ಲ ಕೇಳಿ ನೀವು ಬಯ್ಯದೆ, ಏನೂ ಅನ್ನದೆ, ಸುಮ್ಮನೆ ನನ್ನನ್ನು ನೋಡುತ್ತೀರಲ್ಲ, ಅದರದ್ದು.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಲವೀನಾ ಆಂಟಿಯೂ ನಿಮ್ಮ ಮಗಳು ರಿಯಾಳೂ ಇದನ್ನು ಕೇಳಬೇಕು. ಅವರಿಗೆ ಮೊದಲಿನಿಂದ ಗೊತ್ತಾಗಬೇಕು.

ಹಾವೇರಿಯಿಂದ ಓದಲೆಂದು ಮೆಲ್ಬರ್ನಿಗೆ ಬಂದದ್ದು 2005ರ ಫೆಬ್ರುವರಿಯಲ್ಲಿ. ವಿಂಡಮ್ ವೇಲ್‌ನ ಒಂದು ಮನೆಯಲ್ಲಿ ನಾಲ್ಕು ಜನ ಹುಡುಗರು ರೆಂಟ್ ಹಂಚಿಕೊಂಡಿದ್ದೆವು. ಕಾಲೇಜು ಬಿಟ್ಟು ಉಳಿದ ಹೊತ್ತು ನಾನು ಕೋಲ್ಡ್ ಸ್ಟೋರೇಜ್ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದೆ. ನೀವು ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಿರಿ. ಮೊದಲ ವಾರ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದನ್ನು ಕೇಳಿ ಗಾಡಿ ನಿಲ್ಲಿಸಿ ಇಳಿದು ಬಂದಿರಿ. "ನೀನು ಕನ್ನಡದವನಾ? ಮತ್ತೆ ಎಂತಕ್ಕೆ ಇಷ್ಟು ದಿನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ?" ಅಂದಿರಿ. ನಿಮ್ಮ ಮಂಗಳೂರಿನ ಕನ್ನಡ ಕೇಳಿ ನನಗೆ ನಗು ಬಂತು. ಅಂದು ಸಂಜೆ ಪಾಯಿಂಟ್ ಕುಕ್‌ನ ನಿಮ್ಮ ಮನೆಗೆ ಕರೆದುಕೊಂಡು ಹೋದಿರಿ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು ಲವೀನಾ ಆಂಟಿ ಹಣೆ ಚಚ್ಚಿಕೊಂಡು, ನನಗೊಬ್ಬನಿಗೇ ಎಂದು ಅಲಸಂದೆ ಸಾರು ಮಾಡಿದರು.

ಮಾಂಸ ತಿನ್ನದವನು ನಿಮ್ಮ ಜೊತೆ ಕಾಡಿಗೆ ಬೇಟೆಗೆ ಯಾಕೆ ಬಂದ ಎಂದು ಎಲ್ಲರೂ ಕೇಳುತ್ತಿದ್ದರು. ಕಡವೆ ನೋಡಲಿಕ್ಕೆ ಎನ್ನುತ್ತಿದ್ದೆ. ನೀವೇ ಅಲ್ಲವೇ ಹೇಳಿದ್ದು — "ಇಲ್ಲಿಯ ಬೆಟ್ಟದಲ್ಲಿ ಇರುವುದು ನಮ್ಮದೇ ಕಡವೆ ಮಾರಾಯ. ಹಿಂದೆ ಬಿಳಿಯರು ಹಡಗಿನಲ್ಲಿ ತಂದು ಬಿಟ್ಟದ್ದು. ಅದಕ್ಕೆ ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ ನೂರು ವರ್ಷ ದಾಟಿತು; ನೀನು ಇನ್ನೂ ಅರ್ಜಿಯೇ ಹಾಕಿಲ್ಲ!"

ಕಡವೆ ನೋಡಲಿಕ್ಕೆ ಎಂಬುದು ಅರ್ಧ ನಿಜ. ಇನ್ನರ್ಧವನ್ನು ಯಾರಿಗೂ ಹೇಳಿರಲಿಲ್ಲ. ಬಂದ ಮೂರನೆಯ ತಿಂಗಳು ರೈಲಿನಲ್ಲಿ ಒಬ್ಬಾಕೆ ನನ್ನ ಪಕ್ಕ ಕೂತು, ಒಂದು ಉಸಿರು ಎಳೆದುಕೊಂಡು, ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು. ಖಾಲಿ ಸೀಟು ಬೇಕಾದಷ್ಟಿದ್ದವು. ನಾನು ಜಾಕೆಟ್ಟಿನ ತೋಳನ್ನು ಮೂಗಿಗೆ ಹಿಡಿದೆ — ಬೆಳ್ಳುಳ್ಳಿ ಒಗ್ಗರಣೆ, ಕೊಬ್ಬರಿ ಎಣ್ಣೆ, ಊದುಬತ್ತಿ. ನಮ್ಮ ಮನೆಯ ವಾಸನೆ. ಅಲ್ಲಿಯವರೆಗೆ ಅದೊಂದು ವಾಸನೆ ಎಂದೇ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಎಲ್ಲಿ ಹೋದರೂ, ಯಾರ ಹತ್ತಿರ ನಿಂತರೂ, ಎದುರಿಗಿದ್ದವರ ಮೂಗನ್ನೇ ನೋಡುತ್ತಿದ್ದೆ.

ಹಾಗಿರುವಾಗ ನೀವು ಗಾಳಿಯ ಪಾಠ ಶುರುಮಾಡಿದಿರಿ. ಕಡವೆಗೆ ಕಣ್ಣು ಅಷ್ಟಕ್ಕಷ್ಟೆ, ಮೂಗು ಮಾತ್ರ ದೇವರು ಕೊಟ್ಟದ್ದು ಅಂದಿರಿ. ಗಾಳಿ ಯಾವಾಗಲೂ ನಿನ್ನ ಮುಖಕ್ಕೆ ಬಡಿಯುತ್ತಿರಬೇಕು, ಬೆನ್ನಿಗೆ ಬಡಿದರೆ ಮನೆಗೆ ಹೋಗಿ ಮಲಗು ಅಂದಿರಿ. ಬೆಟ್ಟದಲ್ಲಿ ಬೆಳಗಿನ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಗಾಳಿ ತಿರುಗಿ ಮೇಲಕ್ಕೇರುತ್ತದೆ. ಬೇಟೆಯ ಬಟ್ಟೆಯನ್ನು ವಾಸನೆಯ ಸೋಪಿನಲ್ಲಿ ಒಗೆಯಬಾರದು, ಬರೀ ಅಡುಗೆ ಸೋಡಾ. ಒಗೆದು ಒಣಗಿಸಿ, ನೀಲಗಿರಿ ಎಲೆಯ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಬೇಕು. ಹಿಂದಿನ ದಿನ ಈರುಳ್ಳಿ ಬೆಳ್ಳುಳ್ಳಿ ಮುಟ್ಟಬಾರದು.

ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಗಾಳಿ ನೋಡಲು ನೀವು ಮೈದಾ ಹಿಟ್ಟಿನ ಚಿಕ್ಕ ಬಾಟಲಿ ಇಟ್ಟುಕೊಂಡಿದ್ದಿರಿ. ನಾನು ಅವ್ವ ಕಳಿಸಿದ ವಿಭೂತಿ ಗಟ್ಟಿಯನ್ನು ಪುಡಿಮಾಡಿ ತುಂಬಿಕೊಂಡೆ. ಅದನ್ನು ನೋಡಿ ನೀವು ಕಾರಿನ ಸ್ಟೇರಿಂಗಿಗೆ ತಲೆ ಇಟ್ಟು ನಕ್ಕಿರಿ. "ನಿಮ್ಮ ಶಿವ ನಮ್ಮ ಏಸುವಿಗೆ ಬೇಟೆಗೆ ಹೆಲ್ಪ್ ಮಾಡುವುದು ನೋಡು!" ವಿಭೂತಿಯೂ ಹಗುರಾಗಿ, ಒಂದು ಎಳೆಯಂತೆ ಗಾಳಿಯಲ್ಲಿ ತೇಲಿ, ಯಾವ ಕಡೆ ಹೋಗಬೇಕೋ ಆ ಕಡೆ ಹೋಯಿತು.

ನಾಲ್ಕು ಸಲ ಹೋದೆವು. ನಾಲ್ಕು ಸಲವೂ ಕಡವೆ ನಮ್ಮನ್ನು ಮೊದಲೇ ಕಂಡುಹಿಡಿಯಿತು. ಮೊದಲ ಸಲ ಅದರ ಕೂಗು ಕೇಳಿದಾಗ ಎದೆ ಬಾಯಿಗೆ ಬಂದಿತ್ತು — ನಸುಕಿನ ಮಂಜಿನಲ್ಲಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಹಳೇ ಲಾರಿಯ ಹಾರನ್ನು ಒಮ್ಮೆಲೆ ಒತ್ತಿದ ಹಾಗೆ. ಆಮೇಲೆ ಕಾಲು ನೆಲಕ್ಕೆ ಬಡಿಯುವ ಸದ್ದು. ಆಮೇಲೆ ಏನೂ ಇಲ್ಲ. ಏನೋ ಒಂದು ನನ್ನನ್ನು ನೋಡುತ್ತಿದೆ, ನನಗದು ಕಾಣುತ್ತಿಲ್ಲ ಎನ್ನುವ ಭಯ.

"ಇವತ್ತು ಯಾರದ್ದು, ನನ್ನದಾ ನಿನ್ನದಾ?" ಎಂದು ನೀವು ಕೇಳುತ್ತಿದ್ದಿರಿ. ಆಮೇಲೆ ನೀವೇ, "ನನ್ನದು ಹದಿನೈದು ವರ್ಷದ ಹಳೇ ವಾಸನೆ, ಕಡವೆಗೆ ಪರಿಚಯ ಉಂಟು. ನೀನು ಒಗ್ಗರಣೆ ಡಬ್ಬಿ" ಎಂದು ಬೆನ್ನಿಗೆ ಗುದ್ದುತ್ತಿದ್ದಿರಿ. ನಗೆಯ ಮಾತು. ನಾನೂ ನಗುತ್ತಿದ್ದೆ. ಮನೆಗೆ ಬಂದು ಮೈ ಉಜ್ಜಿ ಉಜ್ಜಿ ಕೆಂಪಗಾಗುವವರೆಗೆ ಸ್ನಾನ ಮಾಡುತ್ತಿದ್ದೆ. ನನಗೆ ಕಡವೆ ಬೇಕಿರಲಿಲ್ಲ ಅಂಕಲ್. ಒಂದೇ ಒಂದು ಸಲ, ಆ ಪ್ರಾಣಿ ನನ್ನ ಪಕ್ಕದಲ್ಲಿ ಹಾದು ಹೋಗಬೇಕು, ಮೂಗೆತ್ತದೆ ಹೋಗಬೇಕು — ಅಷ್ಟೇ ಬೇಕಿತ್ತು. ಹಾಗಾದರೆ ರೈಲಿನಲ್ಲಿ ತಲೆ ಎತ್ತಿ ಕೂರಬಹುದು ಎಂದು... ಬರೆದರೆ ಎಷ್ಟು ಹುಚ್ಚಾಗಿ ಕಾಣುತ್ತದೆ.

ಐದನೆಯ ಸಲ ಹೋದದ್ದು 2006ರ ಜೂನಿನಲ್ಲಿ.

ವೆಸ್ಟ್ ನೀವೇ ಕೊಡಿಸಿದ್ದು. ಕಾಡಿನಲ್ಲಿ ಅದನ್ನು ಹಾಕಲೇಬೇಕೆಂಬ ನಿಯಮ ಸರ್ಕಾರದ್ದಲ್ಲ, ನಿಮ್ಮದು. "ಈ ಕಿತ್ತಳೆ ಕಡವೆಗೆ ಕಾಣುವುದಿಲ್ಲ. ಮನುಷ್ಯನಿಗೆ ಮಾತ್ರ ಕಾಣುವುದು. ಇದನ್ನು ತೆಗೆದ ದಿನ ನಿನ್ನನ್ನು ಕರ್ಕೊಂಡು ಬರುವುದಿಲ್ಲ, ಗೊತ್ತಾಯ್ತಾ?" ಎಂದು ಪ್ರತಿ ಸಲವೂ ಹೇಳುತ್ತಿದ್ದಿರಿ. ನಾನು ಅದನ್ನು ಸೋಡಾದಲ್ಲಿ ಒಗೆದು ಹೀಟರಿನ ಮುಂದೆ ಒಣಗಲು ಹಾಕಿದ್ದೆ. ಚಳಿಗಾಲದಲ್ಲಿ ಒಣಗಿಸಲು ಬೇರೆ ಜಾಗವೆಲ್ಲಿ? ಅದೇ ಸಂಜೆ ಜೊತೆಗಿದ್ದ ಶಶಿ ಅಡುಗೆಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದ. ನಾನು ಕೆಲಸದಿಂದ ಬಂದಾಗ ಮನೆಯೆಲ್ಲ ನೀಲಿ ಹೊಗೆ. ಕೂಗಾಡಿದೆ. "ಮಗಾ, ಜಿಂಕೆಗೆ ಬಜ್ಜಿ ಇಷ್ಟ ಇಲ್ಲ ಅಂತ ನಿಂಗ್ಯಾರು ಹೇಳಿದ್ದು? ಎರಡು ಕಟ್ಟಿಕೊಡ್ತೀನಿ, ಇಟ್ಕೊಂಡು ಕೂತಿರು" ಎಂದ ಶಶಿ. ಮತ್ತೆ ಒಗೆಯಲು ಹೊತ್ತಿರಲಿಲ್ಲ.

ನಿಮಗೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ಮತ್ತೆ ಒಗ್ಗರಣೆ ಡಬ್ಬಿಯ ಮಾತು ಬರುತ್ತದೆ ಎಂದು ಹೇಳಲಿಲ್ಲ.

ಗಿಪ್ಸ್‌ಲ್ಯಾಂಡಿನ ಆ ಕೊಳ್ಳ ನಿಮಗೆ ಕಣ್ಣಿಗೆ ಕಟ್ಟಿದ ಹಾಗಿರಬೇಕು. ಕೆಳಗೆ ಸಣ್ಣ ತೊರೆ, ಎರಡೂ ಕಡೆ ಕಡಿದಾದ ಇಳಿಜಾರು. ಮೊಳಕಾಲೆತ್ತರದ ಜರಿಗಿಡ, ಎತ್ತರದ ನೀಲಗಿರಿ ಮರ. ನೀವು ಒಂದು ಬದಿಯ ಬಂಡೆಯ ಮೇಲೆ ಕೂತು ಎದುರು ಬದಿಯ ಇಳಿಜಾರನ್ನು ಕಾಯುವುದು. ನಾನು ದೂರ ಕೆಳಗೆ, ತೊರೆಯ ಬಾಯಿಯಲ್ಲಿ, ಬಿದ್ದ ಮರದ ಹಿಂದೆ ಕೂರುವುದು. ನಾನು ಬಂದೂಕಿಲ್ಲದವನು, ಲೈಸೆನ್ಸೂ ಇಲ್ಲದವನು. ನನ್ನ ಕೆಲಸ ಅಲ್ಲಾಡದೆ ಕೂತಿರುವುದು, ನೀವು ಕರೆಯಲು ಬರುವವರೆಗೆ. "ಏನೇ ಆಗಲಿ, ಇಲ್ಲಿಂದ ಏಳಬೇಡ. ಏಳಲೇಬೇಕಾದರೆ ಸೀಟಿ ಊದು" ಎಂದು ನನ್ನ ಕೊರಳಿಗೆ ಸೀಟಿ ಕಟ್ಟಿ ಹೋದಿರಿ. ನಿಮ್ಮ ಬೆನ್ನು ಮಂಜಿನಲ್ಲಿ ಕರಗಿತು. ಬೆನ್ನಿನ ಮೇಲಿನ ಕಿತ್ತಳೆ ಮಾತ್ರ ಇನ್ನಷ್ಟು ಹೊತ್ತು ಕಾಣುತ್ತಿತ್ತು.

ನೀವು ಮರೆಯಾದ ಕೂಡಲೇ ವೆಸ್ಟ್ ಬಿಚ್ಚಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಂಟು ಹಾಕಿ, ಬ್ಯಾಗಿನ ತಳಕ್ಕೆ ತುರುಕಿದೆ. ಉಳಿದದ್ದು ಅವ್ವ ಹೆಣೆದ ಕಂದು ಸ್ವೆಟರ್, ಕಂದು ಮಂಕಿ ಕ್ಯಾಪ್. ಸೋಡಾದಲ್ಲಿ ಒಗೆದು ಎಲೆಯಲ್ಲಿ ಮುಚ್ಚಿಟ್ಟ ಬಟ್ಟೆ. ಮೂಸಿ ನೋಡಿಕೊಂಡೆ. ಏನೂ ಇಲ್ಲ. ನಾನೇ ಇಲ್ಲ ಅನ್ನುವಷ್ಟು — ಖುಷಿಯಾಯಿತು.

ಬಿಸಿಲು ಎದುರಿನ ಮರಗಳ ತುದಿಗೆ ಬಿದ್ದಾಗ ಬಾಟಲಿ ಒತ್ತಿದೆ. ವಿಭೂತಿಯ ಎಳೆ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ತಿರುಗಿ ಮೇಲಕ್ಕೆ, ನೇರವಾಗಿ ನೀವು ಕಾಯುತ್ತಿದ್ದ ಇಳಿಜಾರಿಗೇ ಏರಿತು. ಗಾಳಿ ತಿರುಗಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನ ವಾಸನೆ ಆ ಜರಿಗಿಡದೊಳಗೆ ಹೋಗುತ್ತದೆ, ಲಾರಿಯ ಹಾರನ್ನಿನಂಥ ಆ ಕೂಗು ಕೇಳುತ್ತದೆ, ಐದಕ್ಕೆ ಐದು ಸಲವೂ. ಇಳಿಜಾರಿನ ಅಂಚಿನಿಂದ ಸುತ್ತಿ ಅದರ ನೆತ್ತಿಗೆ ಹೋಗಿಬಿಟ್ಟರೆ ನನ್ನ ಗಾಳಿ ಗುಡ್ಡದ ಆಚೆಗೆ ಹೋಗುತ್ತದೆ, ಅಂಕಲ್‌ಗೆ ಗೊತ್ತೂ ಆಗುವುದಿಲ್ಲ. ಹಾಗೆಂದುಕೊಂಡು ಬ್ಯಾಗ್ ಹೆಗಲಿಗೆ ಹಾಕಿ ಎದ್ದೆ. ಸೀಟಿ ಊದಲಿಲ್ಲ. ಊದಿದರೆ ಕಡವೆ ಓಡುತ್ತದಲ್ಲ.

ಅರ್ಧ ದಾರಿ ಬಗ್ಗಿಕೊಂಡೇ ಹತ್ತಿದೆ. ಅಂಚಿನಲ್ಲಿ ಪೊದೆ ದಟ್ಟವಾಗಿತ್ತು. ಒಳಕ್ಕೆ ಸರಿದೆ, ಇನ್ನೂ ಒಳಕ್ಕೆ. ಒಂದು ಹಂತದಲ್ಲಿ ನಾನೆಲ್ಲಿದ್ದೇನೆ ಎಂಬುದೇ ತಪ್ಪಿತು. ಎಲ್ಲ ಮರವೂ ಒಂದೇ ಥರ. ತೊರೆಯ ಸದ್ದು ಯಾವ ಕಡೆಯಿಂದ ಬರುತ್ತಿದೆ ತಿಳಿಯಲಿಲ್ಲ. ಆಗ ಮೇಲ್ಗಡೆ ಎಲ್ಲೋ ನೆಲಕ್ಕೆ ಕಾಲು ಬಡಿದ ಸದ್ದು. ಒಂದು ಸಲ. ನಾನು ಜರಿಗಿಡದಲ್ಲಿ ಕುಕ್ಕರಿಸಿದೆ. ಉಸಿರು ಹಿಡಿದೆ. ಕಡವೆ ಎಲ್ಲಿದೆ ನೋಡಲು ತಲೆಯನ್ನು ಸ್ವಲ್ಪವೇ, ಸ್ವಲ್ಪವೇ ಮೇಲೆತ್ತಿದೆ —

ಗುಂಡಿನ ಸದ್ದು ನನಗೆ ಕೇಳಿಸಲೇ ಇಲ್ಲ. ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಮರದ ತೊಗಟೆ ಸಿಡಿಯಿತು. ಕೆನ್ನೆಗೆ ಬೆಂಕಿ ತಾಗಿದ ಹಾಗಾಯಿತು. ಆಮೇಲೆ ಇಡೀ ಕೊಳ್ಳ ಗುಡುಗಿತು. ಯಾವುದೋ ದೊಡ್ಡ ಮೈ ಪೊದೆ ಮುರಿದುಕೊಂಡು ಗುಡ್ಡದಾಚೆ ಓಡಿತು.

"ಅಂಕಲ್! ನಾನು! ನಾನು!" ಎಂದು ಕಿರುಚಿದೆ.

ಈಗ ಬರೆಯಬೇಕಾದದ್ದು ನನಗೆ ಎಲ್ಲಕ್ಕಿಂತ ಕಷ್ಟ. ಕೆನ್ನೆಯಿಂದ ರಕ್ತ ಇಳಿಯುತ್ತಿತ್ತು. ಎಲ್ಲಿ ತಾಗಿದೆ, ಎಷ್ಟು ತಾಗಿದೆ, ಬದುಕುತ್ತೇನೋ ಇಲ್ಲವೋ ಏನೂ ಗೊತ್ತಿರಲಿಲ್ಲ. ಆದರೂ ಗಾಯ ಮುಟ್ಟಿ ನೋಡುವ ಮೊದಲು ನನ್ನ ಕೈ ಬ್ಯಾಗಿನೊಳಗೆ ಹೋಯಿತು. ನೀವು ತೊರೆ ದಾಟುವ ಸದ್ದು, ಕಲ್ಲು ಉರುಳುವ ಸದ್ದು, "ಪ್ರಶಾಂತಾ, ಪ್ರಶಾಂತಾ" ಎಂಬ ಕೂಗು ಹತ್ತಿರವಾಗುತ್ತಿತ್ತು. ಗಂಟು ಬಿಚ್ಚಲು ಆಗದೆ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಹರಿದೆ. ವೆಸ್ಟ್ ಹಾಕಿಕೊಂಡೆ. ಚೀಲವನ್ನು ಜೇಬಿಗೆ ತುರುಕಿದೆ. ಸಾವಿಗೆ ಹೆದರಿದವನು ಹೀಗೆ ಮಾಡುವುದಿಲ್ಲ. ನನಗೆ ಸಾವಿಗಿಂತ ಹೆಚ್ಚಿನ ಭಯ ನಿಮ್ಮ ಕೈಯಲ್ಲಿ ಸಿಕ್ಕಿಬೀಳುವುದರದ್ದಿತ್ತು.

ನೀವು ಬಂದು ಮಂಡಿಯೂರಿದಿರಿ. "ಜೀವ ಉಂಟಾ ಮಾರಾಯ? ಎಲ್ಲಿ, ಎಲ್ಲಿ ತಾಗಿತು?" ಎಂದು ನನ್ನ ತಲೆ, ಎದೆ, ತೋಳು ಎಲ್ಲವನ್ನೂ ತಡವಿದಿರಿ. ಕೆನ್ನೆಗೆ ಹೊಕ್ಕಿದ್ದು ತೊಗಟೆಯ ಚೂರು ಎಂದು ತಿಳಿದಾಗ "ದೇವಾ, ದೇವಾ" ಎನ್ನುತ್ತ ಶಿಲುಬೆಯ ಗುರುತು ಹಾಕಿಕೊಂಡಿರಿ. ವೆಸ್ಟಿನ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ ನೀವೇ ಅದನ್ನು ಮೇಲಕ್ಕೆ ಎಳೆದಿರಿ — ಎಳೆಯುತ್ತಿದ್ದ ಕೈ ನಡುವೆಯೇ ನಿಂತಿತು. ಆ ಬಣ್ಣವನ್ನು ನೋಡಿದಿರಿ. ನಿಮ್ಮ ಮುಖದಲ್ಲಿ ಆದದ್ದನ್ನು ನಾನು ಹತ್ತಿರದಿಂದ, ಒಂದು ಮೊಳ ದೂರದಿಂದ ನೋಡಿದೆ.

"ಇದನ್ನು ಹಾಕಿಕೊಂಡೇ ಇದ್ದೆಯಾ?"

"ಹೌದು ಅಂಕಲ್. ಹಾಕ್ಕೊಂಡೇ ಇದ್ದೆ. ನಿಮಗೆ ಕಾಣಲಿಲ್ವಾ?"

ಮೊದಲ ಎರಡು ಮಾತು ಭಯದಲ್ಲಿ ಬಾಯಿಗೆ ಬಂದವು ಎಂದು ಹೇಳಬಹುದೇನೋ. ಮೂರನೆಯದನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಆಡಿದೆ.

"ಕಂದು ಕಂಡಿತು..." ಅಂದಿರಿ ನೀವು. "ಕಂದು ಮೈ ಕಂಡಿತು. ಕಿವಿಯ ಹಾಗೆ ಎಂತದೋ ಆಡಿತು. ಕಿತ್ತಳೆ ಇರಲಿಲ್ಲ ಪ್ರಶಾಂತ. ಸತ್ಯವಾಗಿ ಇರಲಿಲ್ಲ." ಆಮೇಲೆ ಕಣ್ಣುಜ್ಜಿಕೊಂಡಿರಿ. "ನೀನು ಜಾಗ ಬಿಟ್ಟು ಬಂದದ್ದು ತಪ್ಪು. ಅದಕ್ಕೆ ಬಯ್ಯುತ್ತೇನೆ, ಈಗಲ್ಲ. ಆದರೆ ಈ ಬಣ್ಣ... ಇದು ಕುರುಡನಿಗೂ ಕಾಣುತ್ತದಲ್ಲ ಮಾರಾಯ."

ನಾನು ಬ್ಯಾಗ್ ಎತ್ತಿಕೊಂಡು ಎದ್ದೆ.

ಹಿಂದಿರುಗುವ ದಾರಿಯುದ್ದಕ್ಕೂ ಫ್ರೀವೇಯಲ್ಲಿ ಎಡಗಡೆಯ ಲೇನಿನಲ್ಲೇ ಓಡಿಸಿದಿರಿ. ಹಿಂದಿನ ಟ್ರಕ್ಕುಗಳು ಹಾರನ್ ಹೊಡೆದು ದಾಟಿ ಹೋಗುತ್ತಿದ್ದವು. "ಮುಂದಿನ ಕಾರು ಕೆಂಪಲ್ವಾ?" ಎಂದು ಕೇಳಿದಿರಿ. ಹೌದು ಅಂದೆ. ಸ್ವಲ್ಪ ದೂರ ಹೋಗಿ, "ಆ ಬೋರ್ಡು ಹಸಿರಲ್ವಾ?" ಹೌದು ಅಂದೆ. ಎಷ್ಟು ಸಲ ಕೇಳಿದಿರೋ. ಪ್ರತಿ ಸಲವೂ ಸರಿಯಾದ ಉತ್ತರ ಕೊಟ್ಟೆ. ಅಂದಿನ ಡೈರಿಯಲ್ಲಿ ಗಾಳಿಯ ದಿಕ್ಕು ಬರೆದೆ, ಮಂಜು ಕರಗಿದ ಹೊತ್ತು ಬರೆದೆ. "ಕಡವೆ ಕಾಣಲಿಲ್ಲ" ಎಂದು ಬರೆದು ಮುಚ್ಚಿದೆ. ನಡೆದದ್ದನ್ನು ಅದರೊಳಗೆ ಮುಚ್ಚಿಟ್ಟು ಬರೆದದ್ದು ಅದೇ ಮೊದಲು.

ನೀವು ಮುಚ್ಚಿಡಲಿಲ್ಲ. ಮನೆಗೆ ಬಂದವರೇ ಆಂಟಿಗೆ, "ಈ ಹುಡುಗನನ್ನು ಕೊಂದೇಬಿಡುತ್ತಿದ್ದೆ ಲವೀನಾ" ಎಂದು ಹೇಳಿ ಕುರ್ಚಿಯಲ್ಲಿ ಕುಸಿದಿರಿ. ವಾರದೊಳಗೆ ಬಂದೂಕನ್ನು ಅಂಗಡಿಗೆ ವಾಪಸು ಕೊಟ್ಟಿರಿ. ಅದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು — ಇನ್ನು ಬೆಟ್ಟದ ಮಾತು ಮುಗಿಯಿತು, ಇದೂ ಮುಗಿಯಿತು ಎಂದುಕೊಂಡೆ. ಮುಂದಿನ ತಿಂಗಳು ಗೋದಾಮಿನಲ್ಲಿ ನೀವು ಫೋರ್ಕ್‌ಲಿಫ್ಟಿನ ಕೀ ತೆಗೆದುಕೊಂಡು ಹೋಗಿ ಸೂಪರ್‌ವೈಸರನ ಮೇಜಿನ ಮೇಲೆ ಇಟ್ಟಿರಿ. ಯಾಕೆಂದು ಊಟದ ಹೊತ್ತಿನಲ್ಲಿ ನನಗೊಬ್ಬನಿಗೇ ಹೇಳಿದಿರಿ. "ಇಲ್ಲಿ ಎಲ್ಲರೂ ಹಾಕುವುದು ಅದೇ ಬಣ್ಣ. ಗಾಡಿಯ ಮುಂದೆ ಯಾರೋ ಬಂದರು ಅಂತ ಇಟ್ಟುಕೋ. ನನಗೆ ಆ ಬಣ್ಣ ಕಾಣದಿದ್ದರೆ?"

ನನ್ನ ಮೈಮೇಲೂ ಆಗ ಅದೇ ಬಣ್ಣದ ಗೋದಾಮಿನ ವೆಸ್ಟ್ ಇತ್ತು. ನಿಮಗೆ ಅದು ಚೆನ್ನಾಗಿ ಕಾಣುತ್ತಿತ್ತು. ಆಗ ಹೇಳಬಹುದಿತ್ತು. ತಟ್ಟೆಯಲ್ಲಿದ್ದ ಅನ್ನ ಕಲಸುತ್ತ ಕೂತೆ.

ಕಣ್ಣಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರು. ಬೇರೆಯವರಾದರೆ ಸಂತೋಷಪಡುತ್ತಿದ್ದರು. ನೀವು ಇನ್ನಷ್ಟು ಹೆದರಿದಿರಿ. "ಕಣ್ಣಲ್ಲಿ ಎಂತದೂ ಇಲ್ಲವಂತೆ. ಹಾಗಾದರೆ ತಲೆಯಲ್ಲಿ ಉಂಟು. ಅಪ್ಪನಿಗೂ ಹೀಗೇ ಶುರುವಾದದ್ದು, ಇದ್ದದ್ದು ಕಾಣುವುದಿಲ್ಲ, ಇಲ್ಲದ್ದು ಕಾಣುತ್ತದೆ" ಅಂದಿರಿ. ಬಂಟ್ವಾಳದ ಮನೆಯಲ್ಲಿ ಕೊನೆಯ ಕಾಲದಲ್ಲಿ ನಿಮ್ಮ ಅಪ್ಪ ನಿಮ್ಮನ್ನೇ ಗುರುತಿಸದೆ ಹೊರಗೆ ಹಾಕಿದ್ದನ್ನು ಆ ದಿನ ಮೊದಲ ಸಲ ಹೇಳಿದಿರಿ. ನಾನು ಒಂದು ವೆಸ್ಟಿನ ವಿಷಯ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ನಾನು ನಿಮಗೆ ಒಂದು ಕಾಯಿಲೆಯನ್ನೇ ಕೊಟ್ಟಿದ್ದೆ.

ಆಮೇಲೆ ನಿಜ ಹೇಳದೆ ಉಳಿದ ಸಲಗಳನ್ನು ಲೆಕ್ಕ ಇಡತೊಡಗಿದೆ. ಅದೇನು ಚಟವೋ. ಹನ್ನೊಂದರವರೆಗೆ ಎಣಿಸಿ ಬಿಟ್ಟೆ. ಹನ್ನೊಂದನೆಯದು ಆ ವರ್ಷದ ಕ್ರಿಸ್ಮಸ್. ಲವೀನಾ ಆಂಟಿ ನೆವ್ರಿ, ಕಿಡಿಯೊ ಎಂದು ಹಬ್ಬದ ಸಿಹಿತಿಂಡಿಯೆಲ್ಲ ಮಾಡಿ ತಟ್ಟೆ ತುಂಬಿಸಿದ್ದರು. ನೀವು ಹೊರಗೆ ನೆಂಟರ ಜೊತೆ ಇದ್ದಿರಿ. ಹದಿಮೂರು ವರ್ಷದ ರಿಯಾ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದಳು: "ಡಿಡ್ ಡ್ಯಾಡ್ ರಿಯಲಿ ನಾಟ್ ಸೀ ಯು?"

"ಮಂಜು ಇತ್ತು ಪುಟ್ಟಿ" ಅಂದೆ.

"ಬಟ್ ಡ್ಯಾಡ್ ಸೇಸ್ ಇಟ್ ವಾಸ್ ಸನ್ನಿ."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಅವಳು ಎದ್ದು ಹೋಗುವವರೆಗೆ ಅಲ್ಲೇ ನಿಂತಿದ್ದೆ. ಒಂದು ಮಗುವಿಗೆ ಹೆದರಿ.

2008ರ ಆರಂಭದಲ್ಲಿ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದೆ. ಮೆಲ್ಬರ್ನಿನಲ್ಲೂ ಅಷ್ಟೇ ಸಂಬಳದ್ದು ಒಂದು ಸಿಕ್ಕಿತ್ತು. ಬಸ್ಸು ಹತ್ತಿಸಲು ನೀವು ಬಂದಿರಿ, ರೈಲಿನಲ್ಲಿ. ಅಷ್ಟರಲ್ಲಿ ಕಾರು ಓಡಿಸುವುದನ್ನು ಬಿಟ್ಟಿದ್ದಿರಿ. ಆಂಟಿ ನರ್ಸಿಂಗ್ ಹೋಮಿನಲ್ಲಿ ಎರಡೆರಡು ಶಿಫ್ಟ್ ಮಾಡುತ್ತಿದ್ದರು. "ಅಲ್ಲಿ ಕಾಡಿಗೆ ಹೋಗಬೇಡ, ಮತ್ತೆ ಯಾರಾದರೂ ನನ್ನಂಥವ ಸಿಕ್ಕಿಯಾನು" ಎಂದು ನಗಲು ನೋಡಿದಿರಿ. ನನ್ನ ಕೆನ್ನೆಯ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಮುಟ್ಟಿದಿರಿ. ಬಸ್ಸು ಹೊರಟ ಮೇಲೆ ನಾನು ತಿರುಗಿ ನೋಡಲಿಲ್ಲ.

ಕಳೆದ ಗುರುವಾರ ಲವೀನಾ ಆಂಟಿಯ ಫೋನ್ ಬಂತು. ರಿಯಾಗೆ ಹದಿನಾರು ತುಂಬಿತಂತೆ, ಲರ್ನರ್ಸ್ ಬಂತಂತೆ. ಅವಳು ಎರಡನೆಯ ಕ್ಲಾಸಿನಲ್ಲಿದ್ದಾಗಿನಿಂದ ನೀವು ಅವಳಿಗೆ ಮಾತು ಕೊಟ್ಟಿದ್ದಿರಿ — ಡ್ರೈವಿಂಗ್ ನಾನೇ ಕಲಿಸುತ್ತೇನೆ ಎಂದು. ಈಗ ಪಕ್ಕದ ಸೀಟಿನಲ್ಲಿ ಕೂರಲೂ ಒಲ್ಲಿರಂತೆ. "ನನ್ನ ಕಣ್ಣು ನಂಬಿ ಮಗಳನ್ನು ರಸ್ತೆಗೆ ಇಳಿಸುವುದಿಲ್ಲ ಎನ್ನುತ್ತಾರೆ. ಲೈಸೆನ್ಸನ್ನೇ ವಾಪಸು ಕೊಡುತ್ತಾರಂತೆ. ಮರೆವಿನ ಟೆಸ್ಟಿಗೂ ಅವರೇ ಬುಕ್ ಮಾಡಿದ್ದಾರೆ" ಎಂದರು ಆಂಟಿ. ಆಮೇಲೆ, "ನೀನೊಮ್ಮೆ ಮಾತಾಡು ಮಗಾ. ನಿನ್ನ ಮಾತು ಕೇಳುತ್ತಾರೆ. ಅವತ್ತು ಅಲ್ಲಿ ಇದ್ದದ್ದು ನೀನೇ ಅಲ್ವಾ?"

ಹೌದು ಆಂಟಿ. ಅಲ್ಲಿ ಇದ್ದದ್ದು ನಾನೇ.

ನೀವು ನೋಡಿದ್ದು ಸರಿಯಾಗಿತ್ತು ಅಂಕಲ್. ಕಂದು ಮೈ ಕಂಡದ್ದು ನಿಜ. ಕಿವಿಯ ಹಾಗೆ ಆಡಿದ್ದು ನನ್ನ ಮಂಕಿ ಕ್ಯಾಪು. ಕಿತ್ತಳೆ ಇರಲಿಲ್ಲ ಎಂದಿರಲ್ಲ, ಅದೂ ನಿಜ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ. ಕಂಡದ್ದು ಏನೆಂದು ಖಚಿತವಾಗುವ ಮೊದಲು ಗುಂಡು ಹಾರಿಸಬಾರದಿತ್ತು ಎಂದು ನೀವು ನಿಮ್ಮನ್ನೇ ಬಯ್ದುಕೊಳ್ಳುತ್ತೀರಿ, ನನಗೆ ಗೊತ್ತು. ಅದು ನಿಮ್ಮ ಲೆಕ್ಕ. ನನ್ನದನ್ನು ಅದರಲ್ಲಿ ಕಳೆಯಲು ನಾನು ಬರುತ್ತಿಲ್ಲ. ಆ ಒಂದು ಕ್ಷಣದ ತಪ್ಪನ್ನು ನೀವು ಅಂದೇ ಒಪ್ಪಿಕೊಂಡಿರಿ. ನಾನು ಅದರ ಮೇಲೆ ಮೂರು ವರ್ಷ ದಿನವೂ ಒಂದೊಂದು ಕಲ್ಲು ಹೇರಿದೆ, ಹೇರುತ್ತಿದ್ದೇನೆ ಎಂದು ಗೊತ್ತಿದ್ದೂ.

ಇದನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಗೆ ಹಾಕಿದರೆ ನಿಮ್ಮ ಮುಖ ನೋಡಬೇಕಿಲ್ಲ ಎಂಬ ಯೋಚನೆ ನಿನ್ನೆಯೇ ಬಂದಿತ್ತು, ಅದಕ್ಕೇ ಬೇಡ. ಶನಿವಾರ ಬೆಳಗಿನ ವಿಮಾನ ಬುಕ್ ಮಾಡಿದ್ದೇನೆ. ಮಧ್ಯಾಹ್ನಕ್ಕೆ ಮೊದಲು ಪಾಯಿಂಟ್ ಕುಕ್‌ನಲ್ಲಿ ನಿಮ್ಮ ಮನೆಯ ಮುಂದಿರುತ್ತೇನೆ. ಆಂಟಿ ಬಾಗಿಲು ತೆಗೆದರೆ "ಬಾ ಒಳಗೆ, ಊಟ ಆಯಿತಾ" ಎನ್ನುತ್ತಾರೆ. ನೀವು ತೆಗೆದರೆ ಬೆನ್ನಿಗೆ ಗುದ್ದುತ್ತೀರಿ. ಯಾರೇ ತೆಗೆಯಲಿ, ಮನೆಯಲ್ಲಿದ್ದವರನ್ನೆಲ್ಲ ಹೊರಗೆ ಕರೆದು, ಹೊಸ್ತಿಲಾಚೆ ನಿಂತೇ ಇದನ್ನೆಲ್ಲ ಹೇಳಿಬಿಡುತ್ತೇನೆ. ಒಳಗೆ ಬಂದು, ಕೂತು, ನಿಮ್ಮ ಮನೆಯ ಕಾಫಿ ಕುಡಿದ ಮೇಲೆ ನಾನು ಹೇಳುವುದಿಲ್ಲ. ನನ್ನ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿರುವುದು ಅದೊಂದೇ.